ಬೆಳ್ಳಿಕಾಗದದ ಹಲಗೆ

“ಮೂಲೆ ಒಳಗೆ ಮಡಿಸಿ ಮಾವ, ನೀವು ಹೊರಗೆ ಮಡಿಸ್ತಿದ್ದೀರಿ,” ಎಂದು ಪೇ ಹೂನ್ ತನ್ನ ಸೋದರಮಾವ ಬೂನ್ ತಿಯಾಂಗನ ಕೈಯಿಂದ ಬೆಳ್ಳಿಕಾಗದವನ್ನು ಕಿತ್ತುಕೊಂಡಳು.

ಸತ್ತವರಿಗೆಂದು ಸುಡುವ ಕಾಗದ ಅದು. ಹಿಂಬದಿ ಒರಟು ಹಳದಿ, ಮುಂಬದಿಯಲ್ಲಿ ಅಂಗೈಯಗಲದ ಬೆಳ್ಳಿ ಹೊಳಪು. ಬೆಳಗಿನಿಂದ ಮನೆಮಂದಿಯೆಲ್ಲ ಮಡಿಸಿ ಮಡಿಸಿ ಚೀಲ ತುಂಬಿದ್ದರು. ಅವನಿಗೆ ಮಾತ್ರ ಒಂದೂ ಸರಿಬರಲಿಲ್ಲ. ಆ ಕಾಗದ ಕೈಗೆ ಬಂದರೆ ಸಾಕು, ಮಡಿಕೆ ತಪ್ಪುತ್ತಿತ್ತು. ವಯಸ್ಸಾಗಿ ಅಲ್ಲ, ಮೂವತ್ನಾಲ್ಕು ವರ್ಷದಿಂದ ಹಾಗೆಯೇ.

ಅಂಗಳದ ಚಪ್ಪರದಡಿ ಶವಪೆಟ್ಟಿಗೆಯಲ್ಲಿ ಮಲಗಿದ್ದವಳು ಅವನ ಅಕ್ಕ ಗೈಕ್ ಚೂ, ಪೇ ಹೂನಳ ತಾಯಿ. ತೈಪಿಂಗ್ ಪೇಟೆಯ ಅವನ ಫೋಟೋ ಅಂಗಡಿಯಲ್ಲಿ ಹಲಗೆ ಹಿಡಿದು ನಿಲ್ಲುತ್ತಿದ್ದವಳು. ಹಲಗೆಯೆಂದರೆ, ಬಿಸಿಲನ್ನು ಮುಖದ ಮೇಲೆ ಹಾಯಿಸಲು, ದಪ್ಪ ರಟ್ಟಿಗೆ ಸಿಗರೇಟು ಪ್ಯಾಕಿನೊಳಗಿನ ಹೊಳೆಯುವ ಕಾಗದ ಅಂಟಿಸಿದ್ದು, ಅಷ್ಟೇ. ಕಾಗದವನ್ನು ಮೊದಲು ಮುಷ್ಟಿಯಲ್ಲಿ ಮುದುಡಿ, ಆಮೇಲೆ ಬಿಡಿಸಿ ಅಂಟಿಸಿದರೆ ಬೆಳಕು ಕಣ್ಣು ಚುಚ್ಚುವುದಿಲ್ಲ ಎಂದು ಕಂಡುಕೊಂಡವಳು ಅವಳೇ. ಗಿರಾಕಿಗಳು ಹೊಗಳುತ್ತಿದ್ದುದು ಮಾತ್ರ ಅವನ ಕೈಗುಣವನ್ನು.

ಪೆಟ್ಟಿಗೆಯ ತಲೆಯ ಬಳಿ ಇಟ್ಟಿದ್ದ ಫೋಟೋ ನೋಡಿ ಪಕ್ಕದ ಮನೆಯ ಸ್ವೀ ಅತ್ತೆ ಬಾಯಿ ಬಿಟ್ಟಳು. “ಅಲ್ಲಯ್ಯಾ ಬೂನ್, ಊರವರ ಮುಖಕ್ಕೆಲ್ಲ ಬೆಳಕು ಕೊಟ್ಟೆ, ನಿಮ್ಮಕ್ಕನ ಅರ್ಧ ಮುಖ ಕತ್ತಲೆ ಮಾಡಿದ್ದೀಯಲ್ಲ!”

“ಅವತ್ತು ಹಲಗೆ ಹಿಡಿಯೋರು ಬೇರೆ ಯಾರೂ ಇರ್ಲಿಲ್ಲ ಅತ್ತೆ. ಹಿಡಿಯೋಳೇ ಫೋಟೋಕ್ಕೆ ಕೂತಿದ್ಲಲ್ಲ.”

ಒಂದಿಬ್ಬರು ನಕ್ಕರು. ಸ್ವೀ ಅತ್ತೆ ಕಣ್ಣೊರೆಸಿಕೊಂಡಳು. “ಪಾಪ, ಒಳ್ಳೆಯವಳೇ. ಬುದ್ಧಿ ಒಂಚೂರು ಕಮ್ಮಿ. ಇಲ್ದಿದ್ರೆ ಮದುವೆ ಹೆಣ್ಣಿನ ಮುಖಕ್ಕೆ ಯಾರಾದ್ರೂ ಹೆಣದ ಕಾಗದ ಹಿಡೀತಾರಾ?”

ಪೇ ಹೂನ್ ತಲೆಯೆತ್ತದೆ ಮಡಿಸುತ್ತಲೇ ಇದ್ದಳು. ಬೂನ್ ತಿಯಾಂಗ್ ತಟ್ಟೆಯಲ್ಲಿದ್ದ ಕಡಲೆಕಾಯಿ ಎತ್ತಿ ಸುಲಿಯತೊಡಗಿದ. ಬಾಯಿಗೆ ಒಂದನ್ನೂ ಹಾಕಲಿಲ್ಲ.

*

ಮೂವತ್ನಾಲ್ಕು ವರ್ಷದ ಕೆಳಗೆ, ಆ ಮದುವೆಯ ಹಿಂದಿನ ದಿನ, ಮಳೆಗೆ ಸಿಕ್ಕಿ ಹಲಗೆಯ ಕಾಗದವೆಲ್ಲ ಸುಲಿದುಹೋಗಿತ್ತು. ಫೋಟೋ ತೆಗೆಯಬೇಕಾದದ್ದು ಕೆರೆತೋಟದ ದೊಡ್ಡ ಮರಗಳ ನೆರಳಿನಲ್ಲಿ. ಹಲಗೆಯಿಲ್ಲದಿದ್ದರೆ ಹೆಣ್ಣಿನ ಕಣ್ಣು ಎರಡು ಗುಳಿಯಾಗಿ ಕಾಣುತ್ತಿತ್ತು. ಮನೆಯಲ್ಲಿದ್ದದ್ದು ಹಿರಿಯರ ಪೂಜೆಗೆಂದು ತಂದಿಟ್ಟ ಬೆಳ್ಳಿಕಾಗದದ ಕಟ್ಟು ಒಂದೇ.

“ಅದನ್ನೇ ಅಂಟ್ಸಕ್ಕ.”

“ಅಯ್ಯೋ, ಸತ್ತವರದು ಕಣೋ ಅದು! ಮದುವೆ ಹೆಣ್ಣಿಗೆ ಹಿಡಿಯೋದಾ? ಬೇಡಪ್ಪ.”

“ಯಾರದು ಅಂತ ಬೆಳಕಿಗೇನು ಗೊತ್ತು? ಬೇಗ, ಹೊತ್ತಾಯ್ತು.”

ಗೊಣಗುತ್ತಲೇ ಗಂಜಿ ಕಲಸಿ ಅಂಟಿಸಿದಳು. ಅಷ್ಟು ಮೆತ್ತನೆಯ ಬೆಳಕನ್ನು ಅವನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನಾಲ್ಕನೆಯ ಫೋಟೋಕ್ಕೆ ಗಂಜಿ ಒಣಗಿ, ಒಂದು ಚೌಕ ಕಳಚಿ ಹೆಣ್ಣಿನ ಮಡಿಲಿಗೆ ಬಿತ್ತು. ಅತ್ತೆಯಾಗುವವಳು ಎತ್ತಿ ತಿರುಗಿಸಿದಳು. ಹಿಂಬದಿಯ ಹಳದಿ ಕಂಡದ್ದೇ ಕಿರುಚಿಕೊಂಡಳು.

“ಯಾರು ಮಾಡಿದ್ದು ಈ ಅನಿಷ್ಟ?”

ಬೂನ್ ತಿಯಾಂಗನ ಬೆರಳು ಅವನನ್ನು ಕೇಳದೆ ಎದ್ದಿತು. “ಅಕ್ಕ. ಅವಳಿಗೆ ಅಷ್ಟು ತಿಳಿಯೋದಿಲ್ಲ.”

ಗೈಕ್ ಚೂ ತಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಿಸಿಲಲ್ಲೇ ನಡೆದು ಮನೆಗೆ ಹೋದಳು.

ಎಂಟೇ ತಿಂಗಳಿಗೆ ಆ ಮದುಮಗ ಕೆರೆಯಲ್ಲಿ ಮುಳುಗಿ ಸತ್ತ. ಊರಿಗೆ ಇನ್ನೇನು ಬೇಕು? ಆಮೇಲೆ ಯಾವ ಶುಭಕಾರ್ಯಕ್ಕೂ ಅವಳನ್ನು ಕರೆಯಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹಲಗೆ ಮಾಡಿಕೊಡುತ್ತಿದ್ದಳು, ಹಿಡಿಯುವವರು ಬೇರೆಯವರು. ಸ್ವಂತ ಮಗಳ ಮದುವೆಯಲ್ಲೂ ಅಡುಗೆಮನೆ ಬಿಟ್ಟು ಈಚೆಗೆ ಬರಲಿಲ್ಲ. ಆ ಫೋಟೋಗಳನ್ನು ತೆಗೆದವನೂ ಅವನೇ. ಪ್ರತಿ ಹೊಸವರ್ಷದ ಊಟಕ್ಕೂ ಇವತ್ತು ಹೇಳಿಬಿಡುತ್ತೇನೆಂದು ಬರುತ್ತಿದ್ದ. ಅವಳು ಮೀನಿನ ಒಳ್ಳೆಯ ತುಂಡನ್ನು ಅವನ ಬಟ್ಟಲಿಗೇ ಹಾಕುತ್ತಿದ್ದಳು. ಅವನು ತಿಂದು ಎದ್ದು ಹೋಗುತ್ತಿದ್ದ, ನಾಚಿಕೆಗೆಟ್ಟವನು.

*

“ಮಾವ, ಇದೇನ್ಮಾಡ್ಲಿ? ಅಮ್ಮನ ಮಂಚದ ಕೆಳಗಿತ್ತು.” ಪೇ ಹೂನ್ ಹಳೆಯ ಲುಂಗಿಯ ಗಂಟು ಬಿಚ್ಚಿದಳು.

ಅದೇ ಹಲಗೆ. ನಡುವೆ ಒಂದು ಚೌಕ ಇಲ್ಲ.

“ಯಾಕೆ ಇಟ್ಕೊಂಡಿದ್ಲೋ. ಇದರಿಂದ್ಲೇ ನನ್ನ ಮೊದಲ ಸಂಬಂಧ ಮುರಿದುಬಿದ್ದಿದ್ದು,” ಎಂದು ಲುಂಗಿ ಮುದುಡಿ ಪಕ್ಕಕ್ಕೆಸೆದಳು. “ಯಾಕಮ್ಮಾ ಹಾಗ್ಮಾಡ್ದೆ ಅಂತ ಸಾಯೋವರೆಗೂ ಬೈದೆ ಮಾವ. ಆಸ್ಪತ್ರೆಯಲ್ಲೂ ಬೈದೆ. ಒಂದು ದಿನಾನೂ ಬಾಯಿ ಬಿಡ್ಲಿಲ್ಲ.”

ಬೂನ್ ತಿಯಾಂಗ್ ಹಲಗೆಯನ್ನು ಎದೆಗೆ ಒತ್ತಿಕೊಂಡು ನಿಂತ.

ಅಷ್ಟರಲ್ಲಿ ಪುರೋಹಿತ ಗಂಟೆ ಬಾರಿಸಿದ. “ಪೆಟ್ಟಿಗೆ ಮುಚ್ಚೋ ಹೊತ್ತು! ಎಲ್ಲರೂ ಬೆನ್ನು ತಿರುಗ್ಸಿ. ಯಾರೂ ನೋಡಬಾರ್ದು, ನೆರಳು ಪೆಟ್ಟಿಗೆಯೊಳಗೆ ಬೀಳಬಾರ್ದು!”

ಎಲ್ಲರೂ ಹಿಂದೆ ಸರಿದು ಮನೆಯ ಕಡೆ ಮುಖ ಮಾಡಿದರು. ಪೇ ಹೂನ್ ಕೂಡ.

ಬೂನ್ ತಿಯಾಂಗ್ ತಿರುಗಲಿಲ್ಲ. ಚಪ್ಪರದ ಅಂಚಿಗೆ ಹೋಗಿ ಬಿಸಿಲಲ್ಲಿ ನಿಂತು ಹಲಗೆ ಎತ್ತಿದ. ಜೀವಮಾನದಲ್ಲಿ ಒಮ್ಮೆಯೂ ಹಿಡಿದವನಲ್ಲ, ಬೆಳಕು ಚಪ್ಪರಕ್ಕೆ ಹಾರಿತು, ನೆಲಕ್ಕೆ ಬಿತ್ತು, ಕೊನೆಗೆ ಅಕ್ಕನ ಮುಖ ಸೇರಿತು. ಮೆತ್ತಗೆ, ಎರಡೂ ಕೆನ್ನೆಗೆ.

“ನಾನೇ ಹೇಳಿದ್ದು,” ಎಂದ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. “ಅವಳು ಬೇಡ ಅಂದ್ಲು. ಅಂಟ್ಸು ಅಂದಿದ್ದು ನಾನು. ಅವಳ ಮೇಲೆ ಹಾಕಿದ್ದೂ ನಾನೇ.”

ಯಾರೂ ತಿರುಗಿ ನೋಡುವಂತಿಲ್ಲ ಎಂದು ಗೊತ್ತಿದ್ದರಿಂದಲೇ ಬಾಯಿ ಬಂದಿತ್ತು. ಅದು ಅವನಿಗೂ ತಿಳಿದಿತ್ತು, ಅದಕ್ಕೂ ನಾಚಿಕೆಯಾಯಿತು. ಮುಚ್ಚಳ ಬಿತ್ತು. ಒಂದು, ಎರಡು, ಮೂರು, ನಾಲ್ಕು ಮೊಳೆ. ಬೆಳಕು ಮುಚ್ಚಳದ ಮೇಲಿಂದ ಜಾರಿ, ಆಚೆ ನಿಂತಿದ್ದ ಪೇ ಹೂನಳ ಬಿಳಿ ಅಂಗಿಯ ಬೆನ್ನಿಗೆ ಬಿದ್ದು ನಡುಗತೊಡಗಿತು. ಅದರ ನಡುವೆ ಒಂದು ಮಸುಕು ಚೌಕ.

“ಆಯ್ತು, ಇನ್ನು ತಿರುಗಬಹುದು,” ಎಂದ ಪುರೋಹಿತ.

ಒಬ್ಬರೂ ತಿರುಗಲಿಲ್ಲ.