ಪಟಪಟಿ ಬಾಯಿ ಮುಚ್ಚಿಕೊಂಡ ದಿನ

ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಪಟಪಟಿ ಎಂದು. ನಿದ್ದೆಯಲ್ಲೂ ಮಾತಾಡುವ ಹುಡುಗಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ! ಅಂಥವಳು ಹೋಗಿ ಸೇರಿಕೊಂಡದ್ದು ಸಣ್ಣ ಅಂಗಡಿಗಳಿಗೆ ಸಲಹೆ ಕೊಡುವ ತರಬೇತಿಗೆ. ಸಲಹೆ ಎಂದರೆ ಮಾತು ತಾನೇ, ಮಾತಿಗೆ ನನಗೇನು ಬರವೇ ಎಂದು ಕುಣಿದುಕೊಂಡು ಹೋದಳು. ಅಲ್ಲಿನ ಮೇಡಂ ಮೊದಲ ಪಾಠದಲ್ಲೇ ಆ ಉತ್ಸಾಹಕ್ಕೆ ತಣ್ಣೀರೆರಚಿದರು.

"ಯಾರ ಅಂಗಡಿಗೆ ಹೋದ್ರೂ ಮೊದಲನೇ ದಿನ ತುಟಿ ಪಿಟಕ್ಕೆನ್ನಬಾರದು. ನೋಡ್ಬೇಕು, ಕೇಳಿಸ್ಕೋಬೇಕು, ಅಷ್ಟೆ. ಸಲಹೆಗಿಲಹೆ ಎಲ್ಲಾ ಆಮೇಲೆ."

ಪಟಪಟಿಗೆ ಇದು ಆಗುವ ಹೋಗುವ ಮಾತೇ? ಕ್ಷೌರದಂಗಡಿಗೆ ಕಳಿಸಿದರೆ, ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಗಿರಾಕಿಯ ಎದುರಿಗೇ ಕನ್ನಡಿ ಎಲ್ಲಿರಬೇಕೆಂದು ಭಾಷಣ ಬಿಗಿದಳು. ಬೇಕರಿಗೆ ಕಳಿಸಿದರೆ, ಬ್ರೆಡ್ಡು ಒಲೆಯಿಂದ ಇಳಿಯುವ ಮುಂಚೆಯೇ ಯಜಮಾನನ ಜೊತೆ ವಾದಕ್ಕೆ ಇಳಿದಳು. ಮೇಡಂ ಕರೆದು ಕೂರಿಸಿಕೊಂಡರು.

"ನೋಡಮ್ಮಾ, ಇದೇ ಕೊನೆ. ಈ ಸಲಾನೂ ಬಾಯಿಬಿಟ್ಟೆಯೋ, ನಿನ್ನ ಜಾಗ ಬೇರೆಯವರಿಗೆ."

ಆ ಜಾಗವನ್ನು ಪಟಪಟಿ ಬಿಟ್ಟುಕೊಡುವಂತಿರಲಿಲ್ಲ. ಅವಳಪ್ಪ ಹಿಂದೆ ಚಪ್ಪಲಿ ಅಂಗಡಿ ಇಟ್ಟಿದ್ದ. ವ್ಯಾಪಾರ ಕುಸಿದಾಗ, ಹೀಗೆ ಮಾಡಿ ನೋಡಪ್ಪಾ ಎನ್ನುವವರು ಒಬ್ಬರೂ ಸಿಗದೆ ಅಂಗಡಿ ಮುಚ್ಚಿದ. ಇನ್ನೊಬ್ಬರಿಗೆ ಹಾಗಾಗದಂತೆ ನೋಡಿಕೊಳ್ಳಬೇಕು ಎಂಬುದೊಂದೇ ಅವಳ ಆಸೆ. ಮಾತೆಲ್ಲ ಅದಕ್ಕಾಗಿಯೇ ಇತ್ತು, ಪಾಪ.

ಮರುದಿನ ಸಿಕ್ಕಿದ್ದು ಬ್ಯಾಗಿನ ಅಂಗಡಿ. ಮುಂದೆ ಹೊಸ ಬ್ಯಾಗುಗಳು, ಒಳಗೆ ಪರದೆಯ ಹಿಂದೆ ರಿಪೇರಿ. "ಒಬ್ಬ ಹುಡುಗಿ ಬರ್ತಾಳೆ, ಕೂತು ನೋಡ್ಲಿ" ಎಂದಷ್ಟೇ ಮೇಡಂ ಹೇಳಿದ್ದರು. ಯಜಮಾನರು ಅವಳನ್ನು ಕಂಡು ಅವಳಿಗಿಂತ ಹೆಚ್ಚು ಗಾಬರಿಯಾದರು. "ಕೂ... ಕೂತ್ಕೋಮ್ಮಾ" ಎಂದರು. ತಲೆಯಾಡಿಸಿದಳು. "ನೀರು ಬೇಕಾ?" ತಲೆಯಾಡಿಸಿದಳು. "ಯಾವ ಕಡೆಯವಳು?" ಕೈಯಿಂದ ದಿಕ್ಕು ತೋರಿಸಿದಳು. ಯಜಮಾನರ ಮುಖದಲ್ಲಿ ಒಂದು ಕನಿಕರ ಮೂಡಿ, ಬಿಗಿದಿದ್ದ ಭುಜ ಸಡಿಲವಾಯಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ಒಂದು ದೊಡ್ಡ ಬ್ಯಾಗನ್ನು ಹಿಂದೆ ಮುಂದೆ ತಿರುಗಿಸಿ, "ಗಟ್ಟಿ ಇದೆಯೇನ್ರೀ?" ಎಂದು ಕೇಳಿದಳು. ಯಜಮಾನರು ಕಂಬದ ಹಾಗೆ ನಿಂತು, ತಮ್ಮ ಚಪ್ಪಲಿಯನ್ನೇ ನೋಡುತ್ತಾ "ಹ್ಞೂಂ" ಎಂದರು. "ಬಾಳಿಕೆ ಬರುತ್ತಾ?" "ಹ್ಞೂಂ." ಹೆಂಗಸು ಬ್ಯಾಗು ಕೆಳಗಿಟ್ಟು ನಡೆದೇಬಿಟ್ಟಳು. ಅಯ್ಯೋ ಮಾರಾಯರೇ, ಎರಡು ಮಾತು ಆಡಬಾರದೇ! ಪಟಪಟಿ ಕರ್ಚೀಫನ್ನು ಬಾಯಿಗೆ ತುರುಕಿಕೊಂಡಳು.

ಯಜಮಾನರು ಪರದೆಯ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ಮಾತು ಕೇಳಿಸಿತು. "ಅಲ್ಲಾ ಕಣೋ, ಕಂಠಮಟ್ಟ ತುಂಬಿಸ್ಕೊಂಡ್ರೆ ಹೊಟ್ಟೆ ಒಡೀದೆ ಇನ್ನೇನಾಗುತ್ತೆ? ನಿನ್ನ ಯಜಮಾನನಿಗಾದ್ರೂ ಬುದ್ಧಿ ಬೇಡ್ವಾ?" ಒಳಗೆ ಯಾರಿದ್ದಾರಪ್ಪಾ ಎಂದು ಪಟಪಟಿ ಇಣುಕಿದಳು. ಯಾರೂ ಇಲ್ಲ. ಹೊಲಿಗೆ ಮೆಷಿನ್ನಿನ ಮೇಲೆ ಜಿಪ್ಪು ಕಿತ್ತ ಸೂಟ್‌ಕೇಸು, ಅದಕ್ಕೆ ಬೈಗುಳ! ಕೈ ಹೊಲಿಯುತ್ತಿತ್ತು, ಬಾಯಿ ಅರಳು ಹುರಿದಂತೆ ಮಾತಾಡುತ್ತಿತ್ತು.

ಅವಳನ್ನು ನೋಡಿದರೂ ಅವರು ನಿಲ್ಲಿಸಲಿಲ್ಲ. "ಈ ತಿಂಗಳು ಮುಗೀಲಿ ಅಂತ ಕಾಯ್ತಿದ್ದೀನಮ್ಮಾ. ಆಮೇಲೆ ಅಂಗಡಿ ಬಿಟ್ಟುಕೊಡೋದೇ. ಜನರ ಮುಖ ನೋಡಿದ್ರೆ ನನಗೆ ಮಾತೇ ಹೊರಡಲ್ಲ. ಯಾರಿಗೆ ಹೇಳಲಿ? ಮನೇಲೂ ಹೇಳಿಲ್ಲ."

ಪಟಪಟಿಗೆ ಅಪ್ಪನೇ ಕಣ್ಣೆದುರು ಕೂತಂತಾಯಿತು. ಬಾಯಿಬಿಟ್ಟರೆ ತನ್ನ ಜಾಗ ಹೋಯಿತು, ಬಿಡದಿದ್ದರೆ ಇವರ ಅಂಗಡಿ ಹೋಯಿತು. ಮಾತು ಬೇಡ ಎಂದಿದ್ದರು ಮೇಡಂ, ಕೈ ಆಡಿಸಬೇಡ ಎಂದಿರಲಿಲ್ಲವಲ್ಲ! ಸೀದಾ ಹೋಗಿ ಮೆಷಿನ್ನಿನ ಒಂದು ಕಾಲು ಹಿಡಿದು ಬಾಗಿಲ ಕಡೆಗೆ ಜಗ್ಗಿದಳು.

"ಏ ಏ, ಏನಮ್ಮಾ ಇದು? ಆ ಕಡೆ ಬೆಳಕಿದೆ ಅಂತಾನಾ?"

ಜೋರಾಗಿ ತಲೆಯಾಡಿಸಿದಳು.

"ಹೌದಲ್ವಾ! ಇಲ್ಲಿ ಸೂಜಿಗೆ ದಾರ ಪೋಣಿಸೋದೇ ಒಂದು ಯುದ್ಧ" ಎಂದು ಅವರೂ ಕೈಹಾಕಿದರು. ಮೆಷಿನ್ನು ಬಾಗಿಲ ಪಕ್ಕಕ್ಕೆ ಬಂತು.

ಆಮೇಲೆ ಬಂದವನೊಬ್ಬ ಹಿಡಿಕೆ ಕಿತ್ತ ಬ್ಯಾಗು ತಂದಿದ್ದ. ಹೊಲಿಗೆಯಿಂದ ತಲೆಯೆತ್ತದೆಯೇ ಯಜಮಾನರು ಶುರುಮಾಡಿದರು. "ಏನ್ ಸ್ವಾಮಿ, ಇದರೊಳಗೆ ಕಲ್ಲು ಹೊತ್ರಾ? ಪಾಪದ್ದು, ಹೇಗೆ ಅಳ್ತಿದೆ ನೋಡಿ." ಅವನಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಮೇಲಿನ ಹೊಸ ಬ್ಯಾಗೊಂದನ್ನು ತೋರಿಸಿ ವಿಚಾರಿಸಿದ. "ಅದು ಬೇಡ, ಚಕ್ರ ನಾಜೂಕು. ನೀವು ಹೊರೋ ಭಾರಕ್ಕೆ ಆ ನೀಲಿದೇ ಸರಿ." ನೀಲಿ ಬ್ಯಾಗು ಗೋಡೆಯಿಂದ ಇಳಿಯಿತು. ಅವನ ಹಿಂದೆ ಇನ್ನೊಬ್ಬರು ಬಂದರು. ಸಂಜೆಯವರೆಗೂ ಯಜಮಾನರ ಕೈಯೂ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ.

ಬಾಗಿಲು ಮುಚ್ಚುವ ಹೊತ್ತಿಗೆ ಮೇಡಂ ಬಂದರು. "ಹೇಗಿದ್ದಾಳೆ ನಮ್ಮ ಹುಡುಗಿ? ಏನಾದ್ರೂ ಮಾತಾಡಿದ್ಲಾ?"

ಯಜಮಾನರು ಹನಿಗಣ್ಣಾದರು. "ಎಲ್ಲಿಂದ ಮಾತಾಡ್ತಾಳೆ ಮೇಡಂ, ಮಾತು ಬರದ ಮಗು. ಬಂಗಾರದಂಥ ಹುಡುಗಿ. ದೇವರು ಒಂದು ನಾಲಿಗೆ ಕೊಟ್ಟಿದ್ರೆ ಏನು ಹೋಗ್ತಿತ್ತು?"

ಮೇಡಂ ಮುಖ ಆಚೆ ತಿರುಗಿಸಿ ನಕ್ಕರು. "ಪಾಸಾದೆ ಕಣೇ. ಈಗ ಮಾತಾಡು."

ಕಟ್ಟೆ ಒಡೆಯಿತು ನೋಡಿ! "ಅಯ್ಯೋ ಅಂಕಲ್, ನೀವು ಅಂಗಡಿ ಬಿಟ್ಟರೆ ನನ್ನಾಣೆ! ಮೆಷಿನ್ ಅಲ್ಲೇ ಇರಲಿ, ಮುಂದೆ ಒಂದು ಬೆಂಚು ಹಾಕಿ, ಗಿರಾಕಿ ಕೂರಲಿ, ಆ ಹೆಂಗಸು ಹೋದಾಗ ನನ್ನ ಪ್ರಾಣವೇ ಹೋದಹಾಗಾಯ್ತು, ಅಬ್ಬಬ್ಬಾ..." ಉಸಿರು ತೆಗೆದುಕೊಳ್ಳಲಷ್ಟೇ ನಿಲ್ಲಿಸಿದಳು.

ಯಜಮಾನರು ಬಿಟ್ಟಬಾಯಿ ಬಿಟ್ಟಹಾಗೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು. "ಬೆಳಗ್ಗೇನೇ ಹೀಗೆ ಮಾತಾಡಿದ್ದಿದ್ರೆ, ನಾನು ನಿನ್ನ ಹತ್ರ ಒಂದು ಮಾತೂ ಆಡ್ತಿರಲಿಲ್ಲ ಕಣಮ್ಮಾ."

ಅದಕ್ಕೂ ಪಟಪಟಿಯ ಬಳಿ ಉತ್ತರವಿತ್ತು, ನಾಲಿಗೆಯ ತುದಿಗೇ ಬಂದಿತ್ತು. ಆದರೆ ಯಜಮಾನರು ಇನ್ನೂ ಏನೋ ಹೇಳುವವರಿದ್ದಂತೆ ಕಂಡಿತು. ಅವಳು ಸ್ಟೂಲು ಎಳೆದುಕೊಂಡು ಸುಮ್ಮನೆ ಕೂತಳು.