ನೆತ್ತಿಕಲ್ಲಿಗೆ ಹೋಗಿ ಬಂದ ಫ್ಲಾಸ್ಕು

ನಾನು ಒಂದು ಫ್ಲಾಸ್ಕು. ಮುಂಬಯಿಯ ಹೊರವಲಯದ ಕಾರ್ಖಾನೆಯೊಂದರಲ್ಲಿ, ಕುಲುಮೆಯ ಮುಂದೆ ಬೆವರಿಳಿಸುತ್ತ ನಿಂತಿದ್ದ ಒಬ್ಬ ಮನುಷ್ಯನ ಉಸಿರಿನಿಂದ ಹುಟ್ಟಿದೆ. ಅವನು ಕೊಳವೆಯಲ್ಲಿ ಊದಿದ, ಕರಗಿದ ಗಾಜು ಉಬ್ಬಿತು. ಒಂದು ಸೀಸೆಯೊಳಗೆ ಇನ್ನೊಂದು ಸೀಸೆಯನ್ನಿಟ್ಟು ಬಾಯಿಗೆ ಬಾಯಿ ಬೆಸೆದರು. ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದು ಬುಡದ ತೂತನ್ನು ಬೆಂಕಿಯಲ್ಲಿ ಮುಚ್ಚಿದರು. ಹಾಗಾಗಿ ನನ್ನ ಎರಡು ಗೋಡೆಗಳ ನಡುವೆ ಏನೂ ಇಲ್ಲ. ಬಿಸಿಯನ್ನು ಕಾಯುವುದು ಆ ಏನೂ ಇಲ್ಲದ ಜಾಗವೇ. ಮೈಗೆ ನೀಲಿ ತಗಡಿನ ಕವಚ ಹಾಕಿದರು, ಬಾಯಿಗೆ ಬಿರಡೆ, ಅದರ ಮೇಲೆ ಒಂದರೊಳಗೊಂದು ಕೂರುವ ಎರಡು ಬಿಳಿ ಲೋಟ.

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಬಹಳ ದಿನ ಧೂಳು ತಿಂದೆ. ಒಂದು ಸಂಜೆ ಕೊಡೆ ಮಡಚುತ್ತ ಒಳಗೆ ಬಂದವರು ಐರಿನ್ ಲೋಬೊ. ನಲವತ್ತರ ಹತ್ತಿರದ ಹೆಂಗಸು, ಹತ್ತಿಯ ಸೀರೆ, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ.

"ಎರಡು ಲೋಟ ಉಂಟು ಬಾಯಮ್ಮ, ಇಬ್ಬರು ಕುಡಿಯಬಹುದು" ಎಂದ ಅಂಗಡಿಯವನು.

"ನನಗೆ ಒಂದು ಸಾಕಿತ್ತು" ಎಂದರು ಐರಿನ್. ಆದರೂ ಕೊಂಡರು.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆಗೆಲ್ಲ ದೂರದ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಉದ್ದನೆಯ ಬೋರ್ಡಿನ ಮುಂದೆ ಹೆಂಗಸರು ಸಾಲಾಗಿ ಕೂತು, ಒಂದು ತೂತಿನಿಂದ ಇನ್ನೊಂದು ತೂತಿಗೆ ವಯರು ಸಿಕ್ಕಿಸಿ ಊರಿಗೆ ಊರನ್ನು ಜೋಡಿಸುತ್ತಿದ್ದರು. ನನ್ನ ಜಾಗ ಐರಿನ್ ಅವರ ಕುರ್ಚಿಯ ಬಲಕ್ಕೆ, ಕಿಟಕಿಯ ದಂಡೆಯಲ್ಲಿ. ದಿನವಿಡೀ ಅವರು ಬೇರೆಯವರ ಸಾವು, ಹೆರಿಗೆ, ಜಗಳ, ವ್ಯಾಪಾರಗಳನ್ನು ಜೋಡಿಸಿಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಸಂಜೆ ಬೆಂದೂರಿನಲ್ಲಿ ಅಣ್ಣನ ಮನೆಗೆ ಹೋದರೆ ಅಲ್ಲಿ ಅವರನ್ನು ಹೆಚ್ಚು ಮಾತಾಡಿಸುವವರಿರಲಿಲ್ಲ. ಜಪಸರ ಹಿಡಿದು ತೇರ್ಸದ ಪ್ರಾರ್ಥನೆ ಹೇಳಿ, ಉಂಡು, ನನ್ನನ್ನು ತೊಳೆದು ಮಗುಚಿಟ್ಟು ಮಲಗುತ್ತಿದ್ದರು.

ಅವರನ್ನು ಹೆಸರು ಹಿಡಿದು ಕೇಳುವ ದನಿ ಒಂದೇ ಒಂದಿತ್ತು. ಅದು ಘಟ್ಟದ ಬುಡದ ನೀರಪಾದೆ ಎಂಬ ಹಳ್ಳಿಯಿಂದ ಬರುತ್ತಿತ್ತು. ಅಲ್ಲಿಯ ಪುಟ್ಟ ಎಕ್ಸ್‌ಚೇಂಜಿನಲ್ಲಿ ಮರುದೇವಿ ಎಂಬ ಆಪರೇಟರ್ ಇದ್ದರು. ಮೊದಮೊದಲು ಇಬ್ಬರೂ ಊರಿನ ಹೆಸರಿನಿಂದಲೇ ಕರೆದುಕೊಳ್ಳುತ್ತಿದ್ದರು.

"ಹಲೋ ಮಂಗಳೂರು, ನೀರಪಾದೆ. ಲೈನ್ ಟೆಸ್ಟ್."

"ಕೇಳ್ತದೆ ನೀರಪಾದೆ. ಅಲ್ಲಿ ಮಳೆಯಾ? ಎಂತದೋ ಶಬ್ದ ಬರ್ತಾ ಉಂಟು."

"ಮಳೆ ಅಲ್ಲ, ಗುಡ್ಡೆಯ ಗಾಳಿ. ಹಂಚು ಹಾರಿ ಹೋಗ್ತದೋ ಅಂತ ನೋಡ್ತಾ ಕೂತಿದ್ದೇನೆ."

ಹೆಡ್‌ಸೆಟ್ಟಿನಿಂದ ಸಣ್ಣಗೆ ಸೋರುವ ಆ ದನಿ ನನಗೂ ಕೇಳುತ್ತಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಐರಿನ್ ನನ್ನನ್ನು ಹಿಡಿದುಕೊಂಡು ಎಕ್ಸ್‌ಚೇಂಜಿನ ತಾರಸಿಗೆ ಹೋದರು. ಪೂರ್ವಕ್ಕೆ ದೂರದಲ್ಲಿ ಘಟ್ಟದ ಸಾಲು ನೀಲಿಯಾಗಿ ಕಂಡಿತು. ಕೆಳಗೆ ಬಂದವರೇ ನೀರಪಾದೆಯ ಲೈನಿಗೆ ವಯರು ಸಿಕ್ಕಿಸಿದರು.

"ಮರುದೇವಿ, ಆ ಸಾಲಿನಲ್ಲಿ ಹಲ್ಲಿನ ಹಾಗೆ ಎದ್ದು ನಿಂತದ್ದು ಯಾವುದು?"

"ಅದೇ ನೆತ್ತಿಕಲ್ಲು! ನಾನು ಕೂತದ್ದು ಅದರ ಬುಡದಲ್ಲೇ."

"ಹತ್ತಬಹುದಾ?"

"ಯಾಕೆ ಹತ್ತಬಾರದು? ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ನೀವು ಬನ್ನಿ, ಒಟ್ಟಿಗೆ ಹೋಗುವ."

ಅಲ್ಲಿಂದ ಶುರುವಾಯಿತು. ಬೋರ್ಡಿನಲ್ಲಿ ಕರೆಯ ದೀಪಗಳು ಕಡಿಮೆಯಾದ ಮಧ್ಯಾಹ್ನಗಳಲ್ಲಿ ಇಬ್ಬರೂ ಆ ಒಂದು ದಿನವನ್ನು ಕಟ್ಟತೊಡಗಿದರು. ಮಳೆ ನಿಂತ ಕೂಡಲೇ ಬೇಡ, ರಕ್ತ ಹೀರುವ ಉಂಬಳದ ಕಾಟ. ಮಾರ್ಚಿನ ಮೇಲೆ ಬೇಡ, ಹುಲ್ಲಿಗೆ ಬೆಂಕಿ ಬೀಳುತ್ತದೆ. ಕ್ಯಾನ್ವಾಸ್ ಶೂ ಬೇಕು, ಚಪ್ಪಲಿ ಆಗದು. ಅರಣ್ಯ ಇಲಾಖೆಯ ರೇಂಜ್ ಆಫೀಸಿನಿಂದ ಅನುಮತಿ ಚೀಟಿ ಬೇಕು. ನೀರು ಕಾಡಿನಲ್ಲೇ ತುಂಬಿಸಿಕೊಳ್ಳಬೇಕು, ಮೇಲಿನ ಹುಲ್ಲುಗಾವಲಿನಲ್ಲಿ ಒಂದು ಹನಿ ಸಿಗದು. ಕಾಟಿ, ಅಂದರೆ ಕಾಡುಕೋಣ, ಎದುರು ಬಂದರೆ ಓಡಬಾರದು.

ಕಾಡಿನ ಮಾತು ಬಂದರೆ ಮರುದೇವಿಯ ದನಿ ತಗ್ಗುತ್ತಿತ್ತು.

"ಆ ಕಾಡಿಗೆ ಕೊಡಲಿ ಬಿದ್ದದ್ದೇ ಇಲ್ಲ ಐರಿನ್. ಬ್ರಿಟಿಷರ ಕಾಲದಲ್ಲಿ ರೈಲು ಹಳಿಯ ಅಡಿಯ ಹಲಗೆಗೆ ಅಂತ ಮರ ಕಡಿಯಲಿಕ್ಕೆ ಬಂದಿದ್ದರಂತೆ. ದೈವದ ಕಾಡು ಅಂತ ಊರವರು ಅಡ್ಡ ನಿಂತರು. ಹಾಗೆ ಉಳಿದದ್ದು. ಮೊದಲು ಒಂದು ಧೂಪದ ಮರ ಸಿಗ್ತದೆ, ನಾಲ್ಕು ಜನ ಕೈ ಹಿಡಿದರೂ ಸುತ್ತಲಿಕ್ಕಾಗುವುದಿಲ್ಲ. ಅದನ್ನು ದಾಟಿ ಎಡಕ್ಕೆ ಹೋದರೆ ತೋಡು. ಪಾದ ನೆನೆಯುವಷ್ಟೇ ನೀರು. ಮತ್ತೆ ಕತ್ತಲೆ. ಮಧ್ಯಾಹ್ನವೂ ಅಲ್ಲಿ ಕತ್ತಲೆಯೇ."

ಐರಿನ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸೂಪರ್‌ವೈಸರ್ ಹಿಂದೆ ಬಂದು ನಿಂತರೆ ಮಾತ್ರ "ನೀರಪಾದೆ, ಲೈನ್ ಕ್ಲಿಯರ್" ಎಂದು ದನಿ ಬದಲಿಸುತ್ತಿದ್ದರು.

ಆದರೆ ದಿನ ಗೊತ್ತುಮಾಡುವ ಹೊತ್ತಿಗೆ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಮರುದೇವಿಗೆ ರಜೆ ಇಲ್ಲ. ಮತ್ತೊಂದು ವರ್ಷ ಮನೆಯಲ್ಲಿ ಮದುವೆ. ಅದರ ಮುಂದಿನ ವರ್ಷ ಕಾಡಿನಲ್ಲಿ ಆನೆ ಇಳಿದಿದೆ. ಕೊನೆಗೆ ಐರಿನ್ ಬರಲಾ ಎಂದು ಕೇಳಲಿಲ್ಲ, ಹೇಳಿಯೇಬಿಟ್ಟರು.

"ರಜೆ ಹಾಕಿ ಆಯ್ತು. ಈ ಶುಕ್ರವಾರ ಸಂಜೆಯ ಬಸ್ಸಿಗೆ ಬರ್ತೇನೆ. ಶನಿವಾರ ಹತ್ತುವ."

ಗಾಳಿಯ ಶಬ್ದದ ನಡುವೆ "ಆಯ್ತು, ಬನ್ನಿ" ಎಂಬ ತಗ್ಗಿದ ದನಿ ಬಂತು.

ನೀರಪಾದೆಯ ಎಕ್ಸ್‌ಚೇಂಜ್ ಒಂದು ಹಂಚಿನ ಕೋಣೆ. ಐರಿನ್ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು, ನನ್ನನ್ನು ಹೆಗಲಿಗೆ ತೂಗುಹಾಕಿಕೊಂಡು ನಗುತ್ತ ಬಾಗಿಲಲ್ಲಿ ನಿಂತರು. ಬೋರ್ಡಿನ ಮುಂದೆ ದಪ್ಪ ಕನ್ನಡಕದ, ಉದ್ದ ಜಡೆಯ ಹೆಂಗಸು ಕೂತಿದ್ದರು. ಅವರು ಏಳಲಿಲ್ಲ. ಕುರ್ಚಿಗೆ ಒಂದು ಊರುಗೋಲು ಒರಗಿತ್ತು. ಸೀರೆಯ ಅಂಚಿನ ಕೆಳಗೆ ಒಂದು ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿತ್ತು.

ಐರಿನ್ ಅವರ ನಗು ಹೋಗುವುದನ್ನು ನಾನು ಪಕ್ಕದಿಂದ ಕಂಡೆ.

"ಸಣ್ಣದಿರುವಾಗ ಪೋಲಿಯೊ ಬಂದದ್ದು" ಎಂದರು ಮರುದೇವಿ. "ಬನ್ನಿ, ಕೂತುಕೊಳ್ಳಿ."

"ಹಾಗಾದರೆ ಧೂಪದ ಮರ? ತೋಡು?"

"ಸೊಪ್ಪು ತರುವವರು, ಜೇನು ತೆಗೆಯುವವರು ಹೇಳಿದ್ದು. ನಾನು ಕಾಡಿನ ಬಾಗಿಲು ಸಹ ಕಂಡವಳಲ್ಲ."

"ಇಷ್ಟು ವರ್ಷ ನನ್ನ ಹತ್ತಿರ ಸುಳ್ಳು ಹೇಳಿದಿರಾ?"

"ನಿಜ ಹೇಳಿದ್ದರೆ ಮರುದಿನದಿಂದ ನೀವು ಗುಡ್ಡೆಯ ಮಾತು ಬಿಡುತ್ತಿದ್ದಿರಿ. ಎಲ್ಲರೂ ಹಾಗೆಯೇ ಮಾಡುವುದು. ನನ್ನ ಕಾಲು ನೋಡಿದ ಮೇಲೆ ಮಳೆ, ಬಿಸಿಲು, ಆರೋಗ್ಯ, ಇಷ್ಟೇ ಮಾತು. ನನಗೆ ಯಾರ ಜೊತೆಯಾದರೂ ಒಮ್ಮೆ ಹೊರಡಬೇಕಿತ್ತು ಐರಿನ್. ಮಾತಿನಲ್ಲಾದರೂ."

ಐರಿನ್ ನನ್ನನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟರು. ಮರುದೇವಿಯ ಅಣ್ಣನ ಮನೆಯಲ್ಲಿ ಅವರಿಗೆ ಊಟ, ಹಾಸಿಗೆ ಎಲ್ಲ ಸಿದ್ಧವಿತ್ತು. ಇಬ್ಬರೂ ಹೆಚ್ಚು ಮಾತಾಡದೆ ಉಂಡರು.

ಬೆಳಿಗ್ಗೆ ಮಾತ್ರ ಐರಿನ್ ಬೇಗ ಎದ್ದು ಅಡುಗೆಮನೆಗೆ ಹೋಗಿ ತಾವೇ ಕಾಫಿ ಕಾಸಿ ನನ್ನನ್ನು ತುಂಬಿಸಿದರು. ಹೊರಗೆ ಬಾಡಿಗೆ ಜೀಪೊಂದು ಬಂದಿತ್ತು, ದಾರಿ ತೋರಿಸಲು ಕಾಡಿನ ಮಲೆಕುಡಿಯರ ಪೈಕಿ ಅಣ್ಣಿ ಎಂಬವನು ಕತ್ತಿ ಹಿಡಿದು ನಿಂತಿದ್ದ. ಮರುದೇವಿ ಜಗಲಿಯ ಕಂಬ ಹಿಡಿದುಕೊಂಡಿದ್ದರು.

"ಜೀಪು ಎಲ್ಲಿಯವರೆಗೆ ಹೋಗ್ತದೆ?" ಎಂದು ಕೇಳಿದರು ಐರಿನ್.

"ಧೂಪದ ಮರದವರೆಗೆ" ಎಂದ ಅಣ್ಣಿ.

"ಹಾಗಾದರೆ ನೀವೂ ಹೊರಡಿ" ಎಂದು ಮರುದೇವಿಯ ಮುಖ ನೋಡದೆಯೇ ಹೇಳಿದರು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಧೂಪದ ಮರದ ಬುಡದಲ್ಲಿ ಜೀಪು ನಿಂತಿತು. ಮರುದೇವಿ ಊರುಗೋಲೂರಿ ಇಳಿದು, ಆ ಮರದ ತೊಗಟೆಗೆ ಅಂಗೈ ಇಟ್ಟು ಮೇಲೆ ನೋಡಿದರು. ಅದರ ತುದಿ ಕಾಣುತ್ತಿರಲಿಲ್ಲ. ಬೇರಿನ ಮೇಲೆ ಗೋಣಿ ಹಾಸಿ ಅವರನ್ನು ಕೂರಿಸಿ ನಾವು ಹೊರಟೆವು.

ಕಾಡಿನೊಳಗೆ ನೆಲ ಮೆತ್ತಗಿತ್ತು. ಎಲೆಗಳ ಮೇಲೆ ಎಲೆ ಬಿದ್ದು ಎಷ್ಟೋ ತಲೆಮಾರಿನಿಂದ ಕೊಳೆತ ವಾಸನೆ. ಹೆಬ್ಬಲಸು, ಸುರಹೊನ್ನೆ, ರಾಮಪತ್ರೆಯ ಮರಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟ ಹಾಗೆ ನಿಂತಿದ್ದವು. ಎಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹಾರಿದ್ದು ಕೇಳಿತು, ಕಾಣಲಿಲ್ಲ. ತೋಡು ಎಡಕ್ಕಲ್ಲ, ಬಲಕ್ಕೆ ಇತ್ತು. ನೀರು ಪಾದಕ್ಕಲ್ಲ, ಮೊಣಕಾಲಿಗೆ ಬಂತು. "ತೋಡು ಎಡಕ್ಕೆ ಅಲ್ವಾ?" ಎಂದರು ಐರಿನ್.

"ಮರುದೇವಿ ಅಕ್ಕ ಎಡ ಅಂತ ಹೇಳಿದರಾ?" ಅಣ್ಣಿ ನಕ್ಕ. "ಜೇನಿನವರು ಆಚೆ ಬದಿಯಿಂದ ಇಳಿಯುವಾಗ ಎಡಕ್ಕೆ ಸಿಗುವುದು. ಅವರು ಇಳಿಯುವ ದಾರಿ ಹೇಳಿದ್ದು, ಅಕ್ಕ ಮನಸ್ಸಿನಲ್ಲಿ ಅದನ್ನೇ ಹತ್ತಿದ್ದಾರೆ."

ಐರಿನ್ ನೀರಿನ ನಡುವೆ ನಿಂತುಬಿಟ್ಟರು. ಅವರ ಸಿಟ್ಟು ಇಳಿದದ್ದು ಅಲ್ಲಿಯೇ ಎಂದು ನನ್ನ ಎಣಿಕೆ. ಅಲ್ಲಿಂದ ಮುಂದೆ ಅವರು ನಿಧಾನವಾಗಿ, ಎಲ್ಲವನ್ನೂ ನೋಡುತ್ತ ನಡೆದರು. ಬೇರು, ಅಣಬೆ, ಮರದ ಪೊಟರೆ, ಯಾವುದನ್ನೂ ಬಿಡಲಿಲ್ಲ.

ಕಾಡು ಮುಗಿದು ಹುಲ್ಲುಗಾವಲು ಬಂತು. ಏದುಸಿರು ಬಿಡುತ್ತ, ಕೊನೆಗೆ ಕೈಯೂರಿ ಹತ್ತಿ ನೆತ್ತಿಕಲ್ಲಿನ ಮೇಲೆ ನಿಂತಾಗ ಸುತ್ತಲೂ ಮಂಜು. ಮಂಗಳೂರೂ ಇಲ್ಲ, ಕಡಲೂ ಇಲ್ಲ, ಬಂದ ಕಾಡೂ ಇಲ್ಲ.

"ಸ್ವಲ್ಪ ಕಾದರೆ ಹೋದೀತು" ಎಂದ ಅಣ್ಣಿ. ಕಾದೆವು. ಹೋಗಲಿಲ್ಲ. ಐರಿನ್ ಎರಡೂ ಲೋಟಕ್ಕೆ ಕಾಫಿ ಬಗ್ಗಿಸಿದರು. ಒಂದನ್ನು ಕುಡಿದರು. ಇನ್ನೊಂದು ಕಲ್ಲಿನ ಮೇಲೆ ಆರುತ್ತ ಇತ್ತು. ಆಮೇಲೆ ಅದನ್ನು ಅಣ್ಣಿಗೆ ಕೊಟ್ಟರು. ಅಲ್ಲಿ ನಿಂತವರು ಇಬ್ಬರಾದರೂ ನನಗೆ ಐರಿನ್ ಒಬ್ಬರೇ ಇದ್ದಂತೆ ಕಂಡಿತು.

ಇಳಿದು ಬಂದಾಗ ಬಿಸಿಲು ಓರೆಯಾಗಿತ್ತು. ಮರುದೇವಿ ಅದೇ ಬೇರಿನ ಮೇಲೆ ಕೂತಿದ್ದರು. ಮಡಿಲ ತುಂಬ ಉದುರಿದ ಎಲೆಗಳು.

"ಮೇಲೆ ಎಂತ ಕಂಡಿತು?"

ಐರಿನ್ ಅವರ ಪಕ್ಕದಲ್ಲಿ ಕುಸಿದು ಕೂತರು. ಏನಾದರೂ ಚಂದದ್ದು ಹೇಳಬಹುದಿತ್ತು. "ಎಂತದೂ ಇಲ್ಲ ಮರುದೇವಿ. ಬರೀ ಮಂಜು. ನನ್ನ ಕೈಯೇ ನನಗೆ ಕಾಣಲಿಲ್ಲ."

ಮರುದೇವಿ ಜೋರಾಗಿ ನಕ್ಕುಬಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಹಾಗಾದರೆ ನಾನು ಕಂಡಷ್ಟೇ ನೀವೂ ಕಂಡದ್ದು."

ಐರಿನ್ ಕೂಡ ನಕ್ಕರು. ಮರುದಿನ ಬಸ್ಸು ಹತ್ತುವ ಮೊದಲು ನನ್ನನ್ನು ಮರುದೇವಿಯ ಕೈಗೆ ಕೊಟ್ಟರು. "ಇದು ಇಲ್ಲೇ ಇರಲಿ. ಮುಂದಿನ ಸಲ ಹೊತ್ತುಕೊಂಡು ಬರುವುದು ತಪ್ತದೆ."

ಹೀಗೆ ನಾನು ನೀರಪಾದೆಯ ಬೋರ್ಡಿನ ಪಕ್ಕಕ್ಕೆ ಬಂದೆ. ಈಗ ಹೆಡ್‌ಸೆಟ್ಟಿನಿಂದ ನನಗೆ ಕೇಳುತ್ತಿದ್ದುದು ಐರಿನ್ ಅವರ ದನಿ. ಆ ಮುಂದಿನ ಸಲ ಬರಲೇ ಇಲ್ಲ. ಬೆಂದೂರಿನ ಅಣ್ಣನಿಗೆ ಪಾರ್ಶ್ವವಾಯು ಬಡಿದು ಮನೆಯ ಭಾರ ಐರಿನ್ ಮೇಲೆ ಬಿತ್ತು. ಅಷ್ಟರಲ್ಲಿ ಊರೂರಿಗೆ ನೇರ ಡಯಲಿಂಗ್ ಬರತೊಡಗಿತು. ಜನ ತಾವೇ ನಂಬರು ತಿರುಗಿಸಿ ಮಾತಾಡಬಹುದು, ನಡುವೆ ಯಾರೂ ಬೇಡ. ನೀರಪಾದೆಯ ಸರದಿಯೂ ಬಂತು.

ಬೋರ್ಡು ಬಿಚ್ಚುವ ದಿನ ಮಧ್ಯಾಹ್ನ ಐರಿನ್ ಲೈನಿಗೆ ಬಂದರು.

"ಸಂಜೆಯ ಮೇಲೆ ಈ ಲೈನ್ ಇಲ್ಲ ಅಲ್ವಾ?"

"ಇಲ್ಲ. ನನ್ನನ್ನು ತಾಲೂಕಿನ ಬಿಲ್ ಕೌಂಟರಿಗೆ ಹಾಕಿದ್ದಾರೆ."

"ಹಾಗಾದರೆ ಹೊರಡುವ. ಶೂ ಹಾಕಿಕೊಂಡಿರಾ?"

ಮರುದೇವಿ ಕಾಲಿನ ಕಬ್ಬಿಣದ ಪಟ್ಟಿ ನೋಡಿಕೊಂಡು, "ಹಾಕಿಕೊಂಡೆ" ಎಂದರು.

ಮಾತಿನಲ್ಲೇ ಅವರು ಹೊರಟರು. ಧೂಪದ ಮರ ದಾಟಿ ಈ ಸಲ ಬಲಕ್ಕೆ ತಿರುಗಿದರು. ತೋಡಿನಲ್ಲಿ ಐರಿನ್ ಕೈ ಕೊಟ್ಟರು. ಕತ್ತಲೆಯ ಕಾಡಿನಲ್ಲಿ ಮಾತು ಕಡಿಮೆ ಮಾಡಿದರು. ಹುಲ್ಲುಗಾವಲಿನಲ್ಲಿ ಮರುದೇವಿ, "ಸ್ವಲ್ಪ ನಿಲ್ಲಿ, ನನಗೆ ದಮ್ಮು" ಎಂದಾಗ ನಿಜಕ್ಕೂ ಅವರ ಉಸಿರು ಬಿಗಿಯಾಗಿತ್ತು. ನೆತ್ತಿ ಮುಟ್ಟುವ ಮೊದಲೇ ಕೆಲಸದವರು ಏಣಿ ಹಿಡಿದು ಒಳಗೆ ಬಂದರು. "ಅಕ್ಕ, ಆಯ್ತಾ?" ಎಂದರು. ಮರುದೇವಿ ಹೆಡ್‌ಸೆಟ್ ತೆಗೆದಿಟ್ಟರು.

ಆಮೇಲೆ ಒಂದೆರಡು ಕ್ರಿಸ್ಮಸ್‌ಗೆ ಮಂಗಳೂರಿನಿಂದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಡಬ್ಬಿ ಬಂತು. ಮತ್ತೆ ಅದೂ ನಿಂತಿತು. ಮರುದೇವಿ ಕೌಂಟರಿನ ಫೋನಿನಿಂದ ಬೆಂದೂರಿನ ಮನೆಗೆ ಡಯಲ್ ಮಾಡಿದರು. ಯಾರೋ ಹೊಸಬರು ಎತ್ತಿ, ಲೋಬೊ ಅವರು ಮನೆ ಮಾರಿ ಹೋದರು, ಎಲ್ಲಿಗೆಂದು ಗೊತ್ತಿಲ್ಲ ಎಂದರು. ಮರುದೇವಿ "ಆಯ್ತು" ಎಂದು ಇಟ್ಟವರು, ಎದುರಿಗಿದ್ದ ಬಿಲ್ಲುಗಳಿಗೆ ಸೀಲು ಹೊಡೆಯುತ್ತಲೇ ಇದ್ದರು. ನನ್ನೊಳಗಿನ ಚಹಾ ಆ ದಿನ ಯಾರೂ ಮುಟ್ಟದೆ ಉಳಿಯಿತು.

ಈಗ ಮರುದೇವಿಗೆ ನಿವೃತ್ತಿಯಾಗಿ ಬಹಳ ವರ್ಷ. ನೀರಪಾದೆಯಲ್ಲಿ ರಸ್ತೆಯಂಚಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ನನ್ನ ಒಳಗಿನ ಗಾಜು ಒಮ್ಮೆ ಒಡೆದು ಬದಲಾಯಿತು. ಎರಡನೆಯ ಸಲ ಒಡೆದಾಗ ಅಂಗಡಿಯವನು, "ಇದಕ್ಕೆ ಈಗ ರಿಫಿಲ್ ಬರುವುದಿಲ್ಲ ಅಮ್ಮ, ಸ್ಟೀಲಿಂದು ತಕೊಳ್ಳಿ" ಎಂದ. ಅವರು ಸ್ಟೀಲಿನದನ್ನು ತಂದರು, ನನ್ನನ್ನೂ ಎಸೆಯಲಿಲ್ಲ. ಖಾಲಿ ತಗಡಾಗಿ ಕಿಟಕಿಯಲ್ಲಿ ನಿಂತಿದ್ದೇನೆ.

ನೆತ್ತಿಕಲ್ಲಿಗೆ ಈಗ ವಾರವಾರವೂ ಜನ ಬರುತ್ತಾರೆ. ಚೀಟಿ ಮೊಬೈಲಿನಲ್ಲೇ ಸಿಗುತ್ತದಂತೆ. ಹೋದ ಡಿಸೆಂಬರಿನಲ್ಲಿ ಮೂವರು ಹುಡುಗಿಯರು ನೀರು ಕೇಳಿ ಜಗಲಿಗೆ ಬಂದರು. ಮರುದೇವಿ ತೋಡು ಬಲಕ್ಕೆ, ನೀರು ಮೊಣಕಾಲಿಗೆ, ಮೇಲೆ ಮಂಜಿದ್ದರೆ ಹೆದರಬೇಡಿ ಎಂದೆಲ್ಲ ಹೇಳಿದರು.

"ಅಜ್ಜಿ, ನೀವು ಎಷ್ಟು ಸಲ ಹತ್ತಿದ್ದೀರಿ?" ಎಂದು ಒಬ್ಬಳು ಕೇಳಿದಳು.

"ಒಮ್ಮೆಯೂ ಇಲ್ಲ ಮಗ" ಎಂದರು ಮರುದೇವಿ. "ನನ್ನ ಫ್ರೆಂಡು ಹೋಗಿ ಬಂದದ್ದು. ಐರಿನ್ ಅಂತ."

ಎಷ್ಟೋ ವರ್ಷಗಳ ಮೇಲೆ ಆ ಹೆಸರು ಮನೆಯಲ್ಲಿ ಕೇಳಿತು. ಹುಡುಗಿಯರು ಬರುವಾಗ ಚಹಾಕ್ಕೆ ಬರುತ್ತೇವೆ ಎಂದು ಹೊರಟರು. ಮರುದೇವಿ ಚಹಾ ಮಾಡಿಟ್ಟು ಕಾದರು. ಹುಡುಗಿಯರು ಆಚೆ ಬದಿಯಿಂದ ಇಳಿದು ಹೋದರೆಂದು ಕತ್ತಲಾಗುವಾಗ ಜೀಪಿನವನು ಹೇಳಿದ.

ನಾನು ಒಂದೇ ಒಂದು ಸಲ ಆ ನೆತ್ತಿಗೆ ಹೋದವನು. ಅಲ್ಲಿ ಮಂಜಿನಲ್ಲಿ ಏನೂ ಕಾಣದಿದ್ದರೂ ಬುಡದಲ್ಲಿ ಒಬ್ಬರು ನಮಗಾಗಿ ಕೂತಿದ್ದಾರೆಂಬುದು ಗೊತ್ತಿತ್ತು. ಈಗ ನಾನೂ ಬುಡದಲ್ಲೇ ಇದ್ದೇನೆ, ಕಾಯುವವರ ಪಕ್ಕದಲ್ಲೇ. ಗುಡ್ಡೆ ಸ್ವಚ್ಛವಾಗಿ ಕಾಣುತ್ತದೆ. ಮೇಲೆ ನಮ್ಮವರು ಯಾರೂ ಇಲ್ಲ.