ಬೇಗಂ ಸಾಹೇಬರ ಗಡಿಯಾರ

"ಇದು ನಕಲಿ ಇದ್ದಂಗ ಕಾಣ್ತದರಿ, ಅಕ್ಕಾರ," ಎಂದು ಅಶೋಕಕುಮಾರ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದ. ಬೀದರಿನಲ್ಲಿ ಗಡಿಯಾರ ರಿಪೇರಿಗೆ ಹೆಸರಾದವನು ಅವನು. ಎದುರಿನ ಸ್ಟೂಲಿನ ಮೇಲೆ ಸುಂದರಬಾಯಿ ಕೂತಿದ್ದಳು. ಪಕ್ಕದಲ್ಲಿ ನಿಂತಿದ್ದ ಮಗಳು ಮಾಯಾ, ನಾನು ಮೊದಲೇ ಹೇಳಿರಲಿಲ್ಲವೇ ಎನ್ನುವಂತೆ ತಾಯಿಯ ಕಡೆ ನೋಡಿದಳು.

ಮೆಹಕರದಿಂದ ಎರಡು ಬಸ್ಸು ಬದಲಿಸಿ ಬಂದದ್ದು ಈ ಒಂದು ಮಾತಿಗಾಗಿ. ಗಡಿಯಾರ ಹೆಂಗಸರದು, ದಿನಾ ಚಾವಿ ಕೊಡುವಂಥದು, ಹಳೆಯ ನಾಲ್ಕಾಣೆಯಷ್ಟು ಅಗಲ. ಸುಂದರಬಾಯಿಯ ಗಂಡ ಹಾವಗೆಪ್ಪ ಹೈದರಾಬಾದಿನಲ್ಲಿ ಒಬ್ಬ ಬೇಗಂ ಸಾಹೇಬರ ಕಾರು ಓಡಿಸುತ್ತಿದ್ದ. ಕೆಲಸ ಬಿಟ್ಟು ಬರುವಾಗ ಅವರು ತಮ್ಮ ಕೈಯಿಂದಲೇ ಬಿಚ್ಚಿ ಕೊಟ್ಟರು, ಅಪ್ಪಟ ವಿಲಾಯಿತಿ ಮಾಲು ಎಂದು ಊರೆಲ್ಲ ಹೇಳಿಕೊಂಡ. ಹೇಳಿದ್ದೇ ತಪ್ಪಾಯಿತು. ಅವನು ಮಳೆ ಬರುತ್ತದೆ ಎಂದರೂ, ಬೇಗಂ ಹೇಳಿದರೇನೋ ಎಂದು ಬಂಧುಗಳು ನಗುತ್ತಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಬಡಾಯಿಕೋರ ಎಂಬ ಹೆಸರು ಹೊತ್ತೇ ಅವನು ಹೋದ ವರ್ಷ ಸತ್ತ. ಅಪ್ಪನ ಸುದ್ದಿ ಬಂದರೆ ಮಾಯಾಳೂ ನಗುತ್ತಿದ್ದಳು. ಸುಂದರಬಾಯಿಗೆ ತಡೆಯಲಾಗದೆ ಇದ್ದದ್ದು ಆ ನಗು. ತಿಳಿದವರೊಬ್ಬರು ಮಗಳ ಎದುರಿಗೆ ಒಮ್ಮೆ ಹೌದು ಎಂದಿದ್ದರೆ ಸಾಕಿತ್ತು.

ಅಶೋಕಕುಮಾರ ಬಿಡಿಸಿ ಹೇಳಿದ. ಡಯಲಿನ ಮೇಲೆ ಹೆಸರು ಯಾರು ಬೇಕಾದರೂ ಅಚ್ಚು ಹಾಕಬಹುದು. ಒಳಗಿನ ಮಶೀನ್ ನೋಡಬೇಕು. ದೊಡ್ಡ ಕಂಪನಿಯದಾದರೆ ಇಷ್ಟು ಚಿಕ್ಕ ಮಶೀನಿನಲ್ಲೂ ಪ್ರತಿ ತಗಡಿನ ಅಂಚನ್ನು ಓರೆಯಾಗಿ ಅರೆದು ಕನ್ನಡಿಯ ಹಾಗೆ ಹೊಳಪು ಕೊಟ್ಟಿರುತ್ತಾರೆ, ಮೇಲೆ ಸಣ್ಣ ಸಣ್ಣ ಗೆರೆ ಎಳೆದಿರುತ್ತಾರೆ. ಇದರಲ್ಲಿ ಗೆರೆಯಿಲ್ಲ, ಅಂಚೆಲ್ಲ ಮೊಂಡು.

ಮುಚ್ಚಳ ಹಾಕಹೋದವನು ಮತ್ತೆ ಬಗ್ಗಿದ. ತಿರುಪುಗಳ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಇದಕ್ಕೆ ಯಾರಾದರೂ ಏನಾದರೂ ಹಚ್ಚಿದ್ದಾರೆಯೇ ಎಂದು ಕೇಳಿದ.

"ನಾನೇ ತಿಕ್ಕೀನ್ರಿ," ಎಂದಳು ಸುಂದರಬಾಯಿ. "ವರ್ಷಾ ಖಂಡೇನವಮಿಗಿ ಕುಡಗೋಲು, ಕೊಡ್ಲಿ ತೊಳಿಯೋ ಮುಂದ ಇದರ ಮುಚ್ಚಳಾ ತಗದು ಒಳಗೂ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕತಿದ್ದೆ. ಅಸಲಿ ಇದ್ರ ತಿಕ್ಕಿದಷ್ಟೂ ಹೊಳೀತದ ಅಂತಾರಲ್ರಿ."

ಅಶೋಕಕುಮಾರ ಮುಚ್ಚಳವನ್ನು ಬದಿಗಿಟ್ಟ. ಆಮೇಲೆ ಅವನು ತಿರುಪು ಬಿಚ್ಚಿ ಒಂದು ತಗಡನ್ನು ಮೆಲ್ಲಗೆ ಎತ್ತಿದ. ಬಹಳ ಹೊತ್ತು ನೋಡಿ, ಭೂತಗನ್ನಡಿಯನ್ನು ಮಾಯಾಳಿಗೆ ಕೊಟ್ಟ. ಬೆರಳಾಗಲಿ ಬಟ್ಟೆಯಾಗಲಿ ಮುಟ್ಟದ ಒಂದು ಮೂಲೆ, ಅಕ್ಕಿಕಾಳಿಗಿಂತ ಸಣ್ಣದು. ಅಲ್ಲಿ ಸಾಲು ಸಾಲಾಗಿ ಗೆರೆಗಳಿದ್ದವು, ಓರೆ ಅಂಚು ಫಳಫಳ ಎನ್ನುತ್ತಿತ್ತು.

"ಅಸಲೀನೇ ಅದರಿ. ನಾ ತಪ್ಪು ಹೇಳ್ದೆ. ಮ್ಯಾಲಿನ ಕೆಲಸ ಎಲ್ಲಾ ತಿಕ್ಕಿ ಹೋಗ್ಯಾದ."

ಇನ್ನು ನಡೆಯುತ್ತದೆಯೇ ಎಂದು ಮಾಯಾ ಕೇಳಿದಳು. ಇಲ್ಲ, ಹುಳಿ ಒಳಗೆಲ್ಲ ತಿಂದುಹಾಕಿದೆ ಎಂದ. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅಪ್ಪ ಖರೇನೇ ಹೇಳಿದ್ದ ಎನ್ನುತ್ತ, ಡಾಬಕಾದ ಚಿಕ್ಕಪ್ಪನಿಗೆ ಈಗಲೇ ಫೋನ್ ಹಚ್ಚುತ್ತೇನೆಂದು ಅಂಗಡಿಯ ಮೆಟ್ಟಿಲಿಳಿದಳು. ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ಸಂತೋಷ.

ಸುಂದರಬಾಯಿ ಕೂತಲ್ಲೇ ಕೂತಿದ್ದಳು. ಗೊತ್ತಿಲ್ಲದೆ ಭಕ್ತಿಯಿಂದ ಮಾಡಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅಶೋಕಕುಮಾರ ಸಮಾಧಾನ ಹೇಳಿದ.

"ಭಕ್ತಿ ಅಲ್ರಿ," ಎಂದಳು. "ಹೊಳೀತದೋ ಇಲ್ಲೋ ನೋಡ್ಲಾಕ ತಿಕ್ಕತಿದ್ದೆ. ನಮ್ಮನಿಯವ್ರು ಕಟ್ಟಿ ಮ್ಯಾಲ ಕೂತು ನೋಡ್ತಿದ್ರು. ಒಮ್ಮಿನೂ ಬ್ಯಾಡ ಅನ್ಲಿಲ್ರಿ."

ಹೊರಗೆ ಮಾಯಾ ಗಟ್ಟಿ ದನಿಯಲ್ಲಿ ಸುದ್ದಿ ಹೇಳುತ್ತಿದ್ದಳು. ಅಶೋಕಕುಮಾರ ಮುಚ್ಚಳ ಒತ್ತಿ ಗಡಿಯಾರವನ್ನು ಆಕೆಯ ಮುಂದೆ ಹಿಡಿದ. ಸುಂದರಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು.